ಅವ್ವನ ಮೊಣಕಾಲು, ನಮ್ಮ ಓಣಿ ಮತ್ತು ಆರು ತಿಂಗಳ ಕಾರು ಹುಡುಕಾಟ

ಕಾರಿನ ಮಾತು ಶುರುವಾಗಿದ್ದು ಬಸ್‌ಸ್ಟ್ಯಾಂಡಿನಲ್ಲಿ. 2025ರ ಮೇ ತಿಂಗಳು. ಕಲಬುರಗಿ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಎರಡಕ್ಕೆ ಡಾಂಬರು ಚಪ್ಪಲಿಗೆ ಅಂಟುತ್ತದೆ. ಅವ್ವನನ್ನು ಮೊಣಕಾಲಿನ ಡಾಕ್ಟರಿಗೆ ತೋರಿಸಿ ಊರಿಗೆ ಕಳಿಸಲು ಹೋಗಿದ್ದೆ. ಅಫಜಲಪುರದ ಕಡೆ ಹೋಗುವ ಬಸ್ಸು ಬಂತು. ಅವ್ವ ಮೊದಲ ಮೆಟ್ಟಿಲಿಗೆ ಬಲಗಾಲು ಇಡಲು ನೋಡಿದಳು, ಆಗಲಿಲ್ಲ. ಎಡಗಾಲು ಇಟ್ಟು ನೋಡಿದಳು, ಅದೂ ಆಗಲಿಲ್ಲ. ಹಿಂದಿದ್ದವರು "ಲಗೂನ ಏರ್ರಿ ಯವ್ವಾ" ಅಂತ ಅವಸರ ಮಾಡುತ್ತಿದ್ದರು. ಕೊನೆಗೆ ನಾನು ಕೆಳಗಿನಿಂದ, ಕಂಡಕ್ಟರ್ ಮೇಲಿನಿಂದ, ಇಬ್ಬರೂ ಸೇರಿ ಜೋಳದ ಚೀಲ ಏರಿಸಿದ ಹಾಗೆ ಏರಿಸಿದೆವು. ಕಿಟಕಿ ಪಕ್ಕ ಕೂತ ಮೇಲೆ ಅವ್ವ ನನ್ನ ಕಡೆ ನೋಡಲೇ ಇಲ್ಲ. ನಾಚಿಕೆಯಾಗಿತ್ತು ಅವಳಿಗೆ.

ಅವತ್ತು ರಾತ್ರಿ ಮನೆಯಾಕೆಗೆ ಹೇಳಿದೆ, ಇನ್ನು ಕಾರು ತಗೊಳ್ಳೋಣ ಅಂತ. ನಾನು ಹೈಸ್ಕೂಲ್ ಮಾಸ್ತರ, ಆಕೆ ಸ್ಟಾಫ್ ನರ್ಸ್. ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಇರೋದು ಒಂದೇ ಸ್ಕೂಟರ್, ಅದರ ಮೇಲೆ ನಾಲ್ಕೂ ಜನ. ಆನ್ ರೋಡ್, ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿ, ಎಂಟೂವರೆ ಲಕ್ಷ ದಾಟಬಾರದು ಅಂತ ಲೆಕ್ಕ ಹಾಕಿದೆವು. ಅದರಲ್ಲಿ ಒಂದು ಲಕ್ಷ ಊರಲ್ಲಿರುವ ಅಣ್ಣ ಕೊಡುತ್ತೇನೆ ಅಂದ. "ಈ ಸಲದ ತೊಗರಿ ರಾಶಿ ಆಗ್ಲಿ ತಮ್ಮಾ, ನಂದೂ ಒಂದ್ ಪಾಲಿರ್ಲಿ. ಅವ್ವ ನಿನಗೊಬ್ಬನಿಗೇನು?" ಅಂದ. ಈ ತೊಗರಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಒಬ್ಬರು ಅವರೇಜ್ ಒಂದೇ ನೋಡ್ರಿ, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಅನ್ನೋದು, ಅಂದರು. ಇನ್ನೊಬ್ಬರು ರೀಸೇಲ್ ನೋಡ್ರಿ ಅಂದರು. ಕಾರೇ ಇಲ್ಲದ ಗಣಿತದ ಮಾಸ್ತರು ಟಾರ್ಕ್ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು. ನಾನೂ ಎರಡು ವಾರ ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಅದರಲ್ಲಿ ಒಬ್ಬನೂ ಅರವತ್ತೆಂಟು ವರ್ಷದ, ಇಳಕಲ್ ಸೀರೆ ಉಟ್ಟ, ಮೊಣಕಾಲು ಮಡಚಲು ಬರದ ಹೆಣ್ಣುಮಗಳನ್ನು ಕಾರಿನಲ್ಲಿ ಕೂರಿಸಿ ತೋರಿಸಲಿಲ್ಲ. ಎಲ್ಲರೂ ಆರಡಿ ಎತ್ತರದ ಗಂಡಸರು, ಹಿಂದಿನ ಸೀಟಿನಲ್ಲಿ ಕೂತು ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಮುಷ್ಟಿ ಇಟ್ಟು ತೋರಿಸುವವರು. ಕೂತ ಮೇಲಿನ ಜಾಗ ತಗೊಂಡು ನಾನೇನು ಮಾಡಲಿ? ಮೊದಲು ಕೂರಬೇಕಲ್ಲ.

ಮೊದಲು ಹಳೆ ಕಾರು ನೋಡಿದೆವು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಸ್ಕೂಟರ್ ರಿಪೇರಿ ಮಾಡುವ ಚಾಚಾ ಮೊದಲು ಕಾರಿನ ಗ್ಯಾರೇಜಿನಲ್ಲೇ ಇದ್ದವರು, ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ಅವರು ಎಂಜಿನ್ ನೋಡುವ ಮೊದಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯುತ್ತಿದ್ದರು. "ಮಾಸ್ತರ್, ನೀರಾಗ ಮುಳುಗಿದ ಗಾಡಿ ಹೊರಗಿಂದ ಎಲ್ಲಾರೂ ತೊಳಿತಾರ. ಬೆಲ್ಟಿನ ಒಳಗಿನ ತುದಿ ಯಾರ್ ತೊಳಿತಾರ್ರಿ?" ಒಂದು ಕಾರಿನಲ್ಲಿ ಖರೆ ಹೇಳಬೇಕೆಂದರೆ ಕೊನೆಯ ಒಂದು ಗೇಣು ಬೆಲ್ಟು ಮಣ್ಣಿನ ಬಣ್ಣದ್ದೇ ಇತ್ತು. ಮಾರುವವನ ಮುಖ ನೋಡುವ ಹಾಗಿತ್ತು. ಆಮೇಲೆ ಟೈರಿನ ಮೇಲಿನ ನಾಲ್ಕು ಅಂಕಿ ನೋಡೋದು ಕಲಿಸಿದರು. 3219 ಅಂತಿದ್ದರೆ 2019ನೇ ಇಸವಿಯ 32ನೇ ವಾರದಲ್ಲಿ ಮಾಡಿದ ಟೈರು. ಮೀಟರ್ ಇಪ್ಪತ್ತು ಸಾವಿರ ಕಿಲೋಮೀಟರ್ ಅನ್ನುತ್ತದೆ, ನಾಲ್ಕೂ ಟೈರು ಆಗಲೇ ಬದಲಾಗಿವೆ ಅಂದರೆ ಮೀಟರ್ ಸುಳ್ಳು ಹೇಳುತ್ತಿದೆ ಅಂತಲೇ ಅನುಮಾನ ಪಡಬೇಕು. ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬರುವ ಕಾರು ಸಸ್ತಾ ಅನ್ನಿಸುತ್ತವೆ, ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಕರ್ನಾಟಕದ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಅಲ್ಲಿ ಕಟ್ಟಿದ್ದು ವಾಪಸ್ ಬೇಕಾದರೆ ಅಲ್ಲಿಗೇ ಓಡಾಡಬೇಕು. ರಜೆ ಎಲ್ಲಿದೆ ನಮಗೆ? ಹಳೆ ಕಾರಿನ ಆಸೆ ಜೂನ್ ಕೊನೆಗೇ ಬಿಟ್ಟೆವು.

ಹೊಸದಕ್ಕೆ ಶೋರೂಮ್ ಹತ್ತಿದಾಗ ನಾನು ಮಾಡಿದ ಒಂದೇ ಜಾಣ ಕೆಲಸ ಅಂದರೆ ಅವ್ವನನ್ನು ಊರಿಂದ ಕರೆಸಿಕೊಂಡಿದ್ದು. ಆಟೊದಲ್ಲಿ ಕರೆದುಕೊಂಡು ಹೋದೆ. ಸೇಲ್ಸ್ ಹುಡುಗ ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಲು ನೋಡಿದ. "ನಾ ಆಮ್ಯಾಲ ಕೂಡ್ತೀನಪ್ಪ, ಮೊದಲ ಅವ್ವ ಕೂಡ್ಲಿ" ಅಂದೆ. ಅವನಿಗೆ ಅರ್ಥ ಆಗಲಿಲ್ಲ.

ಅವ್ವ ಕಾರು ಹತ್ತುವ ರೀತಿ ಬೇರೆ. ನಾವು ಒಂದು ಕಾಲು ಒಳಗಿಟ್ಟು ಆಮೇಲೆ ಕೂರುತ್ತೇವೆ. ಮೊಣಕಾಲು ನೋವಿದ್ದವರು ಹಾಗೆ ಮಾಡೋದಿಲ್ಲ. ಬೆನ್ನು ತಿರುಗಿಸಿ, ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲು ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಸೀಟು ಕೆಳಗಿದ್ದರೆ ಕೂರೋದು ಒಂದು ಕಷ್ಟ, ಏಳೋದು ನೂರು ಕಷ್ಟ. ಸೀಟು ತೀರಾ ಮೇಲಿದ್ದರೆ ಗಿಡ್ಡ ಇದ್ದವರಿಗೆ ಕೂರೋಕೇ ಆಗೋದಿಲ್ಲ. ಬಾಗಿಲ ಕೆಳಗಿನ ಹೊಸ್ತಿಲು ಎತ್ತರ ಇದ್ದರೆ ಕಾಲು ಎತ್ತಿ ಒಳಗಿಡುವಾಗ ಜೀವ ಹೋಗುತ್ತದೆ. ಹೊಸ್ತಿಲು ಅನ್ನೋದು ಅವ್ವನದೇ ಮಾತು, ಕಾರಿಗೂ ಹೊಸ್ತಿಲು ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಕಾರಿನ ಒಟ್ಟು ಎತ್ತರ ನೋಡಿದರೆ ಇದು ಮನೆಯಲ್ಲೇ ಸ್ವಲ್ಪ ಅಂದಾಜಾಗುತ್ತದೆ. ಸ್ವಿಫ್ಟ್, ಗ್ರ್ಯಾಂಡ್ ಐ10 ನಿಯೋಸ್ ಎರಡೂ 1520 ಮಿಲಿಮೀಟರ್. ಟಿಯಾಗೊ 1535. ಟಾಟಾದ ಪಂಚ್ 1615. ವ್ಯಾಗನ್‌ಆರ್ 1675. ಕೆಳಗೆ ಕೂರುವ ಕಾರುಗಳಲ್ಲಿ ಅವ್ವ ಒಂದರಲ್ಲಿ ಕೂತು ಎದ್ದು ನೋಡಿ, "ನೆಲದ ಮ್ಯಾಲ ಕುಂತು ಏಳೂದು ಆಗಂಗಿಲ್ಲ ಅಂತ್ಲೇ ಡಾಕ್ಟರ್ ಕಡಿ ಹೋಗಿದ್ದು ತಮ್ಮಾ" ಅಂದಳು. ಆ ಸಾಲಿನ ಕಾರುಗಳೆಲ್ಲ ಅಲ್ಲಿಗೇ ಮುಗಿದವು, ನನಗೆ ಓಡಿಸಲು ಎಷ್ಟೇ ಇಷ್ಟವಾಗಿದ್ದರೂ.

ವ್ಯಾಗನ್‌ಆರ್ ಹತ್ತಿರ ಬಂದಾಗ ಅವ್ವ ಬೆನ್ನು ತಿರುಗಿಸಿದಳು, ಕೂತಳು, ಕಾಲು ಎತ್ತಿಟ್ಟಳು, ಅಷ್ಟೇ. "ಮನಿ ಕಟ್ಟಿ ಮ್ಯಾಲ ಕುಂತಂಗ ಆಯ್ತು ನೋಡು." 1999ರಿಂದ ಈ ಕಾರು ಇಲ್ಲಿ ಯಾಕೆ ಓಡುತ್ತಿದೆ ಅನ್ನೋದು ಆ ಒಂದು ಮಾತಿನಲ್ಲಿ ಗೊತ್ತಾಯಿತು. ನೋಡಲು ಡಬ್ಬಿ ಥರ ಇದೆ ಅಂತ ನಾನೂ ಹಿಂದೆ ನಕ್ಕವನೇ. ಆ ಡಬ್ಬಿ ಆಕಾರದಿಂದಲೇ ಸೀಟು ಎತ್ತರ ಇದೆ, ತಲೆ ತಗಲುವುದಿಲ್ಲ, ಹೊಸ್ತಿಲು ತಗ್ಗು.

ಪಂಚ್‌ನಲ್ಲಿ ಬಾಗಿಲು ಸುಮಾರು ತೊಂಬತ್ತು ಡಿಗ್ರಿ ತೆರೆಯುತ್ತದೆ, ಕೈ ಹಿಡಿದು ಕೂರಿಸುವವರಿಗೂ ನಿಲ್ಲಲು ಜಾಗ ಸಿಗುತ್ತದೆ, ಅದು ಬಹಳ ಒಳ್ಳೆಯದು. ಆದರೆ ನೆಲದಿಂದ 187 ಮಿಲಿಮೀಟರ್ ಮೇಲಿರುವ ಗಾಡಿ, ಹೊಸ್ತಿಲೂ ಮೇಲೆ, ಸೀಟೂ ಮೇಲೆ. ಅವ್ವನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಎರಡು ಸಲ ನೋಡಿದಳು, ಮೂರನೇ ಸಲಕ್ಕೆ ಕೂತಳು, ಕೂತ ಮೇಲೆ ಆರಾಮ ಅಂದಳು. ಎಕ್ಸ್‌ಟರ್ ಕೂಡ ಹೆಚ್ಚುಕಡಿಮೆ ಇದೇ ಥರ. ಎಲ್ಲಾ ಮಾಡೆಲ್ಲಿಗೂ ಆರು ಏರ್‌ಬ್ಯಾಗ್, ಮೇಲಿನ ಮಾಡೆಲ್ಲಿಗೆ ಹಿಂದಿನ ಸೀಟಿಗೆ ಎಸಿ ಕಿಂಡಿ, ಮನೆಯಾಕೆಗೆ ಇಷ್ಟವಾಗಿತ್ತು, ಆದರೆ ನಮಗೆ ಬೇಕಾದ ಮಾಡೆಲ್ ನಮ್ಮ ಲೆಕ್ಕಕ್ಕಿಂತ ಮೇಲೆ ಹೋಯಿತು.

ಹಾಗಾಗಿ ಉಳಿದಿದ್ದು ಎರಡು. ನನ್ನ ಮಟ್ಟಿಗೆ ವ್ಯಾಗನ್‌ಆರ್ ಪಕ್ಕಾ ಆಗಿತ್ತು. ಬೆಲೆ ಕಡಿಮೆ, ಅವ್ವ ಸಲೀಸಾಗಿ ಕೂತಳು, ಅವರೇಜ್ ಜಾಸ್ತಿ, 1.2 ಲೀಟರ್ ಎಂಜಿನ್ ನಾಲ್ಕು ಸಿಲಿಂಡರ್‌ದು, ನಿಂತಾಗ ಗೇರ್ ಮೇಲೆ ಕೈ ಇಟ್ಟರೆ ನಡುಕ ಕಮ್ಮಿ. ಮನೆಗೆ ಬಂದು ಚಾ ಕುಡಿಯುತ್ತಾ ಹೇಳಿದೆ. ಮನೆಯಾಕೆ ಮಾತಾಡಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲ್ ತಂದು ಮುಂದಿಟ್ಟಳು.

ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಐದರಲ್ಲಿ ಇಷ್ಟು ಸ್ಟಾರ್ ಅಂತ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನವರು 2023ರಲ್ಲಿ ವ್ಯಾಗನ್‌ಆರ್ ಗುದ್ದಿಸಿ ನೋಡಿದಾಗ ದೊಡ್ಡವರಿಗೆ ಒಂದು ಸ್ಟಾರ್, ಮಕ್ಕಳಿಗೆ ಸೊನ್ನೆ ಬಂದಿದೆ. ಪಂಚ್‌ಗೆ 2021ರಲ್ಲಿ ದೊಡ್ಡವರಿಗೆ ಐದು, ಮಕ್ಕಳಿಗೆ ನಾಲ್ಕು. ನಾನು ವಾದ ಮಾಡಿದೆ. ಅದು ಎರಡು ಏರ್‌ಬ್ಯಾಗ್ ಇದ್ದಾಗಿನ ಮಾತು, 2025ರಿಂದ ವ್ಯಾಗನ್‌ಆರ್‌ಗೆ ಆರು ಏರ್‌ಬ್ಯಾಗ್ ಬಂದಿದೆ, ಪಂಚ್‌ಗೆ ಈಗಲೂ ಎರಡೇ ಅಂದೆ. ಆಕೆ ಆ ವರದಿಯಲ್ಲಿ ಬಾಡಿಯ ಗಟ್ಟಿತನ ಸಾಲದು ಅಂತ ಬರೆದಿದ್ದನ್ನು ಬೆರಳಿಟ್ಟು ತೋರಿಸಿದಳು. "ಗ್ವಾಡಿ ಗಟ್ಟಿ ಇಲ್ಲಂದ್ರ ಒಳಗ ಎಷ್ಟ್ ಗಾದಿ ಹಾಸಿದ್ರೇನ್ರೀ?" ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಪಾಳಿಯೊಳಗ ಕ್ಯಾಜುವಾಲ್ಟಿಗೆ ಯಾರ್ಯಾರು ಬರ್ತಾರ ಅಂತ ನಾ ಮನ್ಯಾಗ ಹೇಳಂಗಿಲ್ಲ. ಹೇಳಿದ್ರ ನೀವು ಊಟ ಮಾಡಂಗಿಲ್ಲ" ಅಂದಳು.

ನಮ್ಮೂರ ರಸ್ತೆ ಗೊತ್ತಿದ್ದವರಿಗೆ ಇದು ಸುಮ್ನೆ ಹೆದರಿಕೆಯ ಮಾತಲ್ಲ. ಅಫಜಲಪುರದ ಕಡೆ ಕಬ್ಬು ಕಡಿಯುವ ಹಂಗಾಮು ಶುರುವಾದರೆ ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲಾಗಿ ಹೋಗುತ್ತಿರುತ್ತವೆ, ಎಷ್ಟೋ ಗಾಡಿಗೆ ಹಿಂದೆ ದೀಪ ಬಿಡಿ, ಒಂದು ಕೆಂಪು ಸ್ಟಿಕ್ಕರ್ ಕೂಡ ಇರುವುದಿಲ್ಲ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಮುಂದೆ ಕಬ್ಬಿನ ಗುಡ್ಡ ಇದೆ ಅಂತ ಗೊತ್ತಾಗೋದು ಹತ್ತಿರ ಹೋದ ಮೇಲೆ. ನಾವು ತಿಂಗಳಿಗೆ ಎರಡು ಸಲ ಆ ದಾರಿಯಲ್ಲಿ ಹೋಗುವವರು.

ಹೀಗಾಗಿ ಆರು ತಿಂಗಳಲ್ಲಿ ನಿಜವಾದ ಜಗಳ ಇದೊಂದೇ. ದಿನಾ ಕಷ್ಟಪಡುವ ಮೊಣಕಾಲು ದೊಡ್ಡದೋ, ಎಂದೋ ಒಂದು ದಿನ ಆಗಬಹುದಾದ ಅಪಘಾತ ದೊಡ್ಡದೋ. ವಿಡಿಯೊದವರು ಇದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಎರಡು ವಾರ ಅದರ ಬಗ್ಗೆ ಮಾತೇ ಇರಲಿಲ್ಲ.

ಮಾತಿಲ್ಲದ ಆ ದಿನಗಳಲ್ಲೇ ನಾನು ಓಣಿ ಅಳೆದಿದ್ದು. ನಮ್ಮದು ಬ್ರಹ್ಮಪುರದ ಹಳೆ ಓಣಿ. ಆಟೊ ಬಂದರೆ ಸ್ಕೂಟರ್ ಗೋಡೆಗೆ ಅಂಟಿಕೊಳ್ಳಬೇಕು. ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಗಳನ್ನು ಕರೆದುಕೊಂಡು, ಶಾಲೆಯ ಚಾಕ್‌ಪೀಸ್ ಹಿಡಿದು, ಮನೆ ಮುಂದೆ ರಸ್ತೆ ಮೇಲೆ ಎರಡು ಕಾರು ಬರೆದೆ. ಬಿಳಿ ಚಾಕಿನಲ್ಲಿ ವ್ಯಾಗನ್‌ಆರ್, 3655 ಉದ್ದ, 1620 ಅಗಲ. ಕೆಂಪು ಚಾಕಿನಲ್ಲಿ ಪಂಚ್, 3827 ಉದ್ದ, 1742 ಅಗಲ. ಅಂದರೆ ಉದ್ದದಲ್ಲಿ ಹದಿನೇಳು ಸೆಂಟಿಮೀಟರ್, ಅಗಲದಲ್ಲಿ ಹನ್ನೆರಡು ಜಾಸ್ತಿ. ಎದುರು ಮನೆ ಕಾಕು ನೀರು ಹೊಡೆಯಲು ಬಂದವರು ಕೊಡ ಹಿಡಿದು ನಿಂತು ನೋಡಿದರು. "ಏನ್ ಮಾಸ್ತರ್ರೇ, ಈ ಸಲ ರಂಗೋಲಿ ನೀವೇ ಹಾಕ್ಲತ್ತೀರೇನು?"

ಕಾಗದದ ಮೇಲೆ ಹನ್ನೆರಡು ಸೆಂಟಿಮೀಟರ್ ಏನೂ ಅಲ್ಲ. ನಮ್ಮ ಗೇಟು ಆರೂವರೆ ಅಡಿ, ಅಂದರೆ 198 ಸೆಂಟಿಮೀಟರ್. ವ್ಯಾಗನ್‌ಆರ್ ಹೋದರೆ ಎರಡೂ ಕಡೆ ಹದಿನೆಂಟು ಹದಿನೆಂಟು ಉಳಿಯುತ್ತದೆ. ಪಂಚ್ ಹೋದರೆ ಹನ್ನೆರಡು ಹನ್ನೆರಡು. ಅಂದರೆ ಅಂಗೈ ಬಿಡಿಸಿ ಹಿಡಿದರೆ ಒಂದೂವರೆ ಅಂಗೈ ಜಾಗ. ಕಂಪನಿಯವರು ಹೇಳುವ ಅಗಲದಲ್ಲಿ ಪಕ್ಕದ ಕನ್ನಡಿ ಸೇರಿರುವುದಿಲ್ಲ, ಇದು ಗೊತ್ತಿರಲಿ, ಕನ್ನಡಿ ಮಡಚಿಯೇ ಒಳಗೆ ಹೋಗಬೇಕು. ಓಣಿಯಿಂದ ಗೇಟಿಗೆ ತಿರುಗಿಸಿಕೊಳ್ಳುವ ಮೂಲೆಯಲ್ಲಿ ಪಕ್ಕದ ಮನೆಯವರ ಶಹಾಬಾದ್ ಕಲ್ಲಿನ ಕಟ್ಟೆ ಬೇರೆ ಮುಂದೆ ಬಂದಿದೆ. ಎರಡು ಗಂಟೆ ಆ ರಂಗೋಲಿ ಮೇಲೆ ಮಗಳನ್ನು ನಡೆಸಿ, ಸ್ಕೂಟರ್ ಓಡಿಸಿ, ನೋಡಿದೆ. ಹೋಗುತ್ತದೆ, ಆದರೆ ಒಂದೇ ಸಲಕ್ಕೆ ಹೋಗುವುದಿಲ್ಲ, ಹಿಂದೆ ಮುಂದೆ ಮಾಡಬೇಕು ಅಂತ ಗೊತ್ತಾಯಿತು. ಕಾರು ನೋಡುತ್ತಿರುವವರಿಗೆ ನಾನು ಕೊಡಬಹುದಾದ ಒಂದೇ ಸಲಹೆ ಇದ್ದರೆ ಈ ಚಾಕ್‌ಪೀಸ್. ಎರಡು ರೂಪಾಯಿ ಖರ್ಚು.

ಟೆಸ್ಟ್ ಡ್ರೈವ್ ಅನ್ನೋದು ಮಾತ್ರ ದೊಡ್ಡ ನಾಟಕ. ರಿಂಗ್ ರೋಡಿನಲ್ಲಿ ನಾಲ್ಕು ಕಿಲೋಮೀಟರ್, ಪಕ್ಕದಲ್ಲಿ ಸೇಲ್ಸ್ ಹುಡುಗ, ಎಸಿ ಮೊದಲೇ ಹಾಕಿ ತಂಪು ಮಾಡಿಟ್ಟ ಕಾರು. ಒಂದು ಶೋರೂಮಿನಲ್ಲಿ ನಾನು ಕೇಳಿದ್ದು ಇಷ್ಟೇ, ಕಾರನ್ನು ಒಂದು ತಾಸು ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ನಾವು ಐದೂ ಜನ ಕೂತು ಹೋಗುತ್ತೇವೆ. ಮೇಲಿನವರನ್ನು ಕೇಳಬೇಕು ಸರ್ ಅಂದ. ಕೇಳಿ ಬಂದು ಆಗೋದಿಲ್ಲ ಅಂದ. ರಾತ್ರಿ ಲೈಟ್ ನೋಡಬೇಕು ಅಂದೆ, ಅದೂ ಆಗೋದಿಲ್ಲ. ಹಾಗಾದರೆ ನಾನು ನೋಡೋದು ಏನನ್ನು, ಸೀಟ್ ಕವರ್ ಬಣ್ಣವನ್ನೋ?

ಅದಕ್ಕೇ ಕಾರು ಇಟ್ಟುಕೊಂಡವರ ಬೆನ್ನು ಹತ್ತಿದೆ. ಸಹೋದ್ಯೋಗಿ ಒಬ್ಬರ ಹತ್ತಿರ ಮೂರು ವರ್ಷದ ವ್ಯಾಗನ್‌ಆರ್ ಇತ್ತು, ಸೋದರಮಾವನ ಮಗನ ಹತ್ತಿರ ಎರಡು ವರ್ಷದ ಪಂಚ್. ಇಬ್ಬರಿಗೂ ಟಾಕಿ ತುಂಬಿಸಿಕೊಟ್ಟು ಒಂದೊಂದು ದಿನ ಇಸಕೊಂಡೆ. ಇದಕ್ಕಿಂತ ಒಳ್ಳೆಯ ಟೆಸ್ಟ್ ಡ್ರೈವ್ ಇಲ್ಲ. ಸರ್ವಿಸ್ ಬಿಲ್ಲಿನ ಫೈಲೂ ಕೇಳಿ ನೋಡಿದೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಉಲ್ಟಾ ಚಾ ಕೊಟ್ಟು ಕೂರಿಸಿ ಒಂದೊಂದೇ ಬಿಲ್ಲಿನ ಕಥೆ ಹೇಳಿದರು.

ಐದು ಜನ ಕೂತು, ಎಸಿ ಹಾಕಿ, ರೈಲ್ವೆ ಮೇಲ್ಸೇತುವೆ ಹತ್ತುವಾಗ ನಡುವೆ ನಿಲ್ಲಿಸಿ ಮತ್ತೆ ಬಿಟ್ಟು ನೋಡಿದೆ. ನಮ್ಮೂರು ಸಪಾಟು, ಬ್ರಿಡ್ಜೇ ನಮ್ಮ ಘಾಟ್. ಎರಡೂ ಗಾಡಿ ಹತ್ತಿದವು. ಪಂಚ್‌ನ ಮೂರು ಸಿಲಿಂಡರ್ ಎಂಜಿನ್ ಕೆಳಗಿನ ಗೇರಿನಲ್ಲಿ ಸ್ವಲ್ಪ ದನಿ ಮಾಡುತ್ತದೆ, ರಸ್ತೆಗೆ ಬಿದ್ದ ಮೇಲೆ ಗೊತ್ತಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಅಂದಾಗ ಆ ಹನ್ನೆರಡು ಸೆಂಟಿಮೀಟರ್ ಈಗ ಪಂಚ್ ಕಡೆ ಮಾತಾಡಿತು. ಗೇಟಿನಲ್ಲಿ ಶತ್ರು ಆದದ್ದು ಸೀಟಿನಲ್ಲಿ ಗೆಳೆಯ.

ಡಿಕ್ಕಿಯ ಲೆಕ್ಕವನ್ನು ಲೀಟರಿನಲ್ಲಿ ಕೊಡುತ್ತಾರೆ. ಟಿಯಾಗೊ 242, ವ್ಯಾಗನ್‌ಆರ್ 341, ಪಂಚ್ 366. ನಾವು ಡಿಕ್ಕಿಯಲ್ಲಿ ಹಾಲು ಒಯ್ಯುತ್ತೇವೇನು? ಊರಿಂದ ಬರುವಾಗ ಒಂದು ಚೀಲ ಜೋಳ, ಒಂದು ಸಣ್ಣ ಚೀಲ ತೊಗರಿ ಬೇಳೆ, ಅತ್ತಿಗೆ ಕಟ್ಟಿಕೊಡುವ ಕಡಕ್ ರೊಟ್ಟಿ ಬುಟ್ಟಿ, ಶೇಂಗಾ ಹಿಂಡಿ ಡಬ್ಬಿ, ಮಕ್ಕಳ ಬ್ಯಾಗು. ಅವನ್ನೇ ಇಟ್ಟು ನೋಡಿದೆ. ಎರಡರಲ್ಲೂ ಹಿಡಿಸಿತು. ಆದರೆ ಸಣ್ಣ ಕಾರುಗಳ ಡಿಕ್ಕಿಯ ಅಂಚು ಎತ್ತರ ಇರುತ್ತದೆ, ಐವತ್ತು ಕಿಲೋ ಚೀಲವನ್ನು ಸೊಂಟದ ಮಟ್ಟಕ್ಕೆ ಎತ್ತಿ ಒಳಗೆ ಇಳಿಸಬೇಕು. ನಲವತ್ತೆರಡು ವರ್ಷದ ನನ್ನ ಬೆನ್ನು ಅವತ್ತು ಮಾತಾಡಿತು. ಸಿಎನ್‌ಜಿ ಕೂಡ ಇಲ್ಲೇ ಬಿದ್ದುಹೋಯಿತು. ವ್ಯಾಗನ್‌ಆರ್ ಸಿಎನ್‌ಜಿ ಕಿಲೋಗೆ 34 ಕಿಲೋಮೀಟರ್ ಅಂತ ಹೇಳುತ್ತಾರೆ, ಆದರೆ ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ. ಟಾಟಾದವರು ಎರಡು ಸಣ್ಣ ಸಿಲಿಂಡರ್ ಕೆಳಗೆ ಮಲಗಿಸಿ ಮೇಲೆ ಜಾಗ ಉಳಿಸುತ್ತಾರೆ, ಅದು ಚೆನ್ನಾಗಿದೆ, ಆದರೆ ನಮ್ಮೂರ ದಾರಿಯಲ್ಲಿ ತುಂಬಿಸಲು ಬಂಕ್ ಬೇಕಲ್ಲ.

ಹೊಲದ ದಾರಿಯ ಮಾತು. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಯಾವ ಸಣ್ಣ ಕಾರೂ ಹೋಗುವುದಿಲ್ಲ, ಟೈರಿಗೆ ಮಣ್ಣು ಸುತ್ತಿಕೊಂಡು ಬಂಡಿ ಗಾಲಿಯಷ್ಟು ದಪ್ಪ ಆಗುತ್ತದೆ, ಅದರ ಆಸೆ ಬಿಡಬೇಕು. ಒಣಗಿದ ಮೇಲೆ ಇನ್ನೊಂದು ಕಷ್ಟ. ಟ್ರ್ಯಾಕ್ಟರ್ ಜಾಡು ಎರಡೂ ಕಡೆ ಆಳ, ನಡುವೆ ಗಟ್ಟಿ ದಿಬ್ಬ. ಕಂಪನಿಯವರು ಹೇಳುವ ಎತ್ತರ ಸಾಮಾನ್ಯವಾಗಿ ಖಾಲಿ ಗಾಡಿಯದು. ಐದು ಜನ, ಒಂದು ಚೀಲ ಜೋಳ ಹಾಕಿದರೆ ಸ್ಪ್ರಿಂಗ್ ಕುಗ್ಗಿ ಗಾಡಿ ಕೆಳಗೆ ಬರುತ್ತದೆ. ನಾನು ತುಂಬಿದ ಗಾಡಿಯನ್ನೇ ಒಯ್ದೆ. ವ್ಯಾಗನ್‌ಆರ್‌ನ 165 ಮಿಲಿಮೀಟರ್ ಜೊತೆ ಅಣ್ಣನ ಹೊಲದ ಕೊನೆಯ ತಿರುವಿನ ಮೊದಲು ನಾನು ಇಳಿದು ಎಲ್ಲರನ್ನೂ ಇಳಿಸಿದೆ, ಪಂಚ್‌ನಲ್ಲಿ ಯಾರನ್ನೂ ಇಳಿಸಲಿಲ್ಲ. ವರ್ಷಕ್ಕೆ ಎಂಟು ಹತ್ತು ಸಲ ಬರುವ ಕೆಲಸ ಇದು, ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಅವರವರೇ ನೋಡಿಕೊಳ್ಳಬೇಕು.

ಪೆಟ್ರೋಲ್ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದ ಹಾಗೆ ಬರೆದೆ. ಪರೀಕ್ಷೆಯಲ್ಲಿ ಬಂದ ಅವರೇಜ್ ವ್ಯಾಗನ್‌ಆರ್ 1.2ಗೆ 23.56, ಪಂಚ್‌ಗೆ 20.09. ರಸ್ತೆಯಲ್ಲಿ ಯಾವ ಕಾರೂ ಅಷ್ಟು ಕೊಡುವುದಿಲ್ಲ. ನಾವು ಹದಿನೆಂಟು ಮತ್ತು ಹದಿನೈದು ಅಂತ ಹಿಡಿದೆವು. ತಿಂಗಳಿಗೆ ಏಳುನೂರು ಕಿಲೋಮೀಟರ್. ಒಂದಕ್ಕೆ ಮೂವತ್ತೊಂಬತ್ತು ಲೀಟರ್, ಇನ್ನೊಂದಕ್ಕೆ ನಲವತ್ತೇಳು. ಎಂಟು ಲೀಟರ್ ವ್ಯತ್ಯಾಸ, ಹೆಚ್ಚು ಕಮ್ಮಿ ಎಂಟುನೂರು ರೂಪಾಯಿ. "ಸ್ಟಾರಿಗೆ ದಿನಕ್ಕ ಇಪ್ಪತ್ತೇಳು ರೂಪಾಯಿ ಆಯ್ತು. ನಿಮ್ಮ ಚಾ-ಭಜಿಗೆ ಇದಕ್ಕಿಂತ ಜಾಸ್ತಿ ಹೋಗ್ತದ" ಅಂದಳು ಮನೆಯಾಕೆ. ಗಣಿತದ ಮಾಸ್ತರಿಗಿಂತ ಆಕೆಯ ಗಣಿತ ಒಳ್ಳೆಯದು.

ಮೊಣಕಾಲಿನ ಜಗಳ ಬಿಡಿಸಿದ್ದು ಅವ್ವನೇ. ಪಂಚ್ ಇಸಕೊಂಡು ಊರಿಗೆ ಹೋಗಿದ್ದ ದಿನ ವಾಪಸ್ ಹೊರಡುವಾಗ, ಅವ್ವ ಬಾಗಿಲ ತನಕ ಬಂದು ನಿಂತಳು, ಕಾಲು ಎತ್ತಿ ನೋಡಿದಳು, ಮತ್ತೆ ಮನೆಯೊಳಗೆ ಹೋದಳು. ಬೇಡ ಅಂತ ಹೋದಳೇನೋ ಅಂದುಕೊಂಡೆ. ಬರುವಾಗ ಕೈಯಲ್ಲಿ ರೊಟ್ಟಿ ಬಡಿಯುವಾಗ ಕೂರುವ ಮಣೆ. ಕಾರಿನ ಬಾಗಿಲ ಕೆಳಗೆ ಇಟ್ಟಳು, ಅದರ ಮೇಲೆ ನಿಂತಳು, ಬೆನ್ನು ತಿರುಗಿಸಿದಳು, ಕೂತಳು. "ಇದನ್ನ ಗಾಡ್ಯಾಗ ಇಡು. ಇಷ್ಟಕ್ಕ ಎರಡ್ ವಾರ ಮುಖ ಉಬ್ಬಿಸ್ಕೊಂಡ್ ಕುಂತೀರಿ?" ನಾವು ಜಗಳ ಆಡಿದ್ದನ್ನು ಅವಳಿಗೆ ಯಾರು ಹೇಳಿದರೋ, ಮಗಳ ಮೇಲೆ ನನಗೆ ಅನುಮಾನ ಇದೆ.

ಅಷ್ಟು ಹೊತ್ತಿಗೆ ಆಗಸ್ಟ್. 15ನೇ ತಾರೀಕು ಪ್ರಧಾನಿ ಭಾಷಣದಲ್ಲಿ ಜಿಎಸ್‌ಟಿ ಇಳಿಯುತ್ತದೆ ಅಂತ ಸುದ್ದಿ ಬಂತು. ಒಂದು ಶೋರೂಮಿನಿಂದ ದಿನಾ ಫೋನು, "ಸರ್ ಈಗಿನ ಆಫರ್ ಮುಂದೆ ಸಿಗಲ್ಲ." ನಾವು ತಡೆದೆವು. ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 28 ಇದ್ದ ಜಿಎಸ್‌ಟಿ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಕಾದದ್ದಕ್ಕೆ ಅರ್ಧ ಲಕ್ಷದ ಮೇಲೆ ಉಳಿಯಿತು. ಖುಷಿಪಡುವ ಹೊತ್ತಿಗೆ ಭೀಮಾ ತುಂಬಿ ಬಂತು. ಸೆಪ್ಟೆಂಬರ್ ಕೊನೆಯ ಆ ಮಳೆ, ಆ ನೆರೆ ಈ ಕಡೆಯವರು ಯಾರೂ ಮರೆತಿಲ್ಲ. ಅಣ್ಣನ ತೊಗರಿ ನೀರಿನಲ್ಲಿ ನಿಂತು ಬೇರು ಕೊಳೆತು ಹೋಯಿತು. ಅವನು ಫೋನ್ ಮಾಡಿ ಬೆಳೆಯ ಮಾತು ಮೊದಲು ಹೇಳಲಿಲ್ಲ, "ಕಾರಿಂದು ಹೆಂಗ್ ಮಾಡ್ತೀ ತಮ್ಮಾ?" ಅಂತ ಕೇಳಿದ. ನನಗೆ ಗಂಟಲು ಕಟ್ಟಿತು. ಒಂದು ಲಕ್ಷ ಹೋಯಿತು ಅನ್ನೋದಕ್ಕಲ್ಲ.

ಹಾಗಾಗಿ ಪಂಚ್‌ನಲ್ಲೇ ಮೇಲಿನ ಮಾಡೆಲ್ ಬಿಟ್ಟು ಕೆಳಗಿನಿಂದ ಎರಡನೆಯದಕ್ಕೆ ಇಳಿದೆವು. ಮಗನಿಗೆ ಸನ್‌ರೂಫ್ ಬೇಕಿತ್ತು, ಅತ್ತ. ಊರಲ್ಲಿ ಮಾಳಿಗೆಗೆ ಬೆಳಕಿಂಡಿ ಇರುತ್ತದೆ, ಅದನ್ನೂ ಬೇಸಿಗೆಯಲ್ಲಿ ಗೋಣಿಚೀಲ ಹಾಕಿ ಮುಚ್ಚುವವರು ನಾವು. ಈ ಬಿಸಿಲಿಗೆ ದುಡ್ಡು ಕೊಟ್ಟು ತಲೆ ಮೇಲೆ ಕಿಂಡಿ ಮಾಡಿಸಿಕೊಳ್ಳೋದು ನನಗಂತೂ ತಿಳಿಯುವುದಿಲ್ಲ.

ಕೊಟೇಶನ್ ಓದೋದು ಒಂದು ಬೇರೆ ವಿದ್ಯೆ. ಎಕ್ಸ್ ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆಯ ಕೆಳಗೆ ಏನೇನಿದೆ ಅಂತ ಒಂದೊಂದೇ ಸಾಲು ಕೇಳಬೇಕು. ನಮ್ಮ ರಾಜ್ಯದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ, ಐದರಿಂದ ಹತ್ತು ಲಕ್ಷದ ಕಾರಿಗೆ ನೂರಕ್ಕೆ ಹದಿನಾಲ್ಕು, ಅದರ ಮೇಲೆ ಸೆಸ್. ಏಳು ಲಕ್ಷದ ಕಾರಿಗೆ ಒಂದು ಲಕ್ಷ ದಾಟುತ್ತದೆ, ಅದರಲ್ಲಿ ಚೌಕಾಸಿ ಇಲ್ಲ. ಚೌಕಾಸಿ ಇರೋದು ಕೆಳಗಿನ ಸಾಲುಗಳಲ್ಲಿ. ಒಂದು ಕಡೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದಿದ್ದರು. ಯಾರು ಯಾರನ್ನು ಹ್ಯಾಂಡಲ್ ಮಾಡಿದ್ದು ಅಂತ ಕೇಳಿದೆ, ಹುಡುಗ ನಕ್ಕು ಹೊಡೆದು ಹಾಕಿದ. ಬೇಡದ ಮ್ಯಾಟು, ಮಡ್ ಫ್ಲಾಪು, ಪರ್ಫ್ಯೂಮಿನ ಕಿಟ್ಟೂ ತೆಗೆಸಿದೆ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಯಾವ ಕಾನೂನೂ ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಅದಿದ್ದರೆ ಉಳಿದದ್ದು ನಮ್ಮ ಇಷ್ಟ. ಅದೇ ಐಡಿವಿ (ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟುವ ಬೆಲೆ), ಅದೇ ಜೀರೊ ಡೆಪ್ (ಸವಕಳಿ ಕಳೆಯದೆ ರಿಪೇರಿ ದುಡ್ಡು ಕೊಡುವುದು) ಹಾಕಿಸಿ ಹೊರಗೆ ಕೇಳಿದೆ, ಹದಿನಾಲ್ಕು ಸಾವಿರ ಕಮ್ಮಿ. ಆ ಕಾಗದ ತೋರಿಸಿದ ಮೇಲೆ ಅವರೂ ಅದೇ ರೇಟಿಗೆ ಬಂದರು.

ನವೆಂಬರ್ ನಡುವೆ ಗಾಡಿ ಬಂತು. ನಂಬರ್ ಹಾಕಿಸುವ ಮೊದಲು ಯಾರ್ಡಿಗೆ ಚಾಚಾನನ್ನು ಕರೆದುಕೊಂಡು ಹೋಗಿ ನೋಡಿದೆ, ಒಮ್ಮೆ ಕೆಎ 32 ಅಂತ ಬಿದ್ದ ಮೇಲೆ ಹೇಳಿ ಏನೂ ಉಪಯೋಗ ಇಲ್ಲ. ಚಾಸಿ ನಂಬರ್, ಮೀಟರ್, ನಾಲ್ಕೂ ಟೈರಿನ ವಾರ, ಸ್ಟೆಪ್ನಿ, ಜ್ಯಾಕು, ಎಲ್ಲಾ ಗಾಜು. ಚಾಚಾ ಅಭ್ಯಾಸಬಲದಿಂದ ಹೊಸ ಗಾಡಿಯ ಬೆಲ್ಟನ್ನೂ ಪೂರ್ತಿ ಎಳೆದು ನೋಡಿದರು. ಶರಣಬಸವೇಶ್ವರ ಗುಡಿಗೆ ಒಯ್ದು, ನಿಂಬೆಹಣ್ಣು ತುಳಿಸಿ, ಮನೆಗೆ ಬಂದೆವು. ಗೇಟಿನಲ್ಲಿ ಮೂರು ಸಲ ಹಿಂದೆ ಮುಂದೆ. ಕಾಕು ಅವರ ಕಟ್ಟೆ ಮೇಲೆ ನಿಂತು ಇಡೀ ಓಣಿಗೆ ಕೇಳುವ ಹಾಗೆ ದಾರಿ ಹೇಳಿದರು.

ಈಗ ಎರಡನೇ ಸಲ ಟಾಕಿ ಫುಲ್ ಮಾಡಿಸಿ ಲೆಕ್ಕ ಹಾಕಿದ್ದೇನೆ, ಹದಿನೈದೂವರೆ ಬರುತ್ತಿದೆ. ಅವ್ವ ಊರಿಂದ ಬಂದಿದ್ದಾಳೆ, ನಾಳೆ ಮತ್ತೆ ಡಾಕ್ಟರ್ ಹತ್ತಿರ. ಮಣೆ ಡಿಕ್ಕಿಯಲ್ಲೇ ಇರುತ್ತದೆ, ಅವ್ವನದನ್ನು ಅವ್ವನ ಮನೆಗೆ ವಾಪಸ್ ಕೊಟ್ಟು ನಮ್ಮ ಮನೆಯದನ್ನು ಡಿಕ್ಕಿಯಲ್ಲಿ ಇಟ್ಟಿದ್ದೇವೆ. ನಿನ್ನೆ ರಾತ್ರಿ ಮನೆಯಾಕೆ ಹಿಟ್ಟು ನಾದಿಟ್ಟುಕೊಂಡು ಅಡುಗೆಮನೆಯಿಂದ ಕೂಗಿದಳು, "ಏನ್ರೀ, ಗಾಡಿ ಚಾವಿ ತಗೊಂಡ್ ಹೋಗಿ ಮಣಿ ತಂದ್ ಕೊಡ್ರಿ, ರೊಟ್ಟಿ ಬಡೀಬೇಕು."